ಹವ್ಯಾಸಿ ರೇಡಿಯೋ: 400 ವಾಟ್ ಯಾರಿಗೆ ಬೇಕು?

ಬೆಂಗಳೂರು: ಯಲಹಂಕದ ಆಕಾಶವಾಣಿ ಸೂಪರ್ ಪವರ್ ಕೇಂದ್ರದಲ್ಲಿ 1990ರ ದಶಕದಲ್ಲಿ ಸ್ಥಾಪಿತವಾದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳ ಸಾಮರ್ಥ್ಯ ತಲಾ 500 ಕಿಲೋವಾಟ್. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಹೆಬ್ಬಾಳದಲ್ಲೋ ಆರ್.ಟಿ. ನಗರದಲ್ಲೋ ತಾರಸಿಗೆ ತಂತಿ ಕಟ್ಟುವ ಹವ್ಯಾಸಿ, ಅಂದರೆ ಹ್ಯಾಮ್, ಬರೇ 5 ವಾಟ್‌ನಿಂದಲೂ ಸಾಗರದಾಚೆಗೆ ಸಂದೇಶ ಮುಟ್ಟಿಸಬಲ್ಲ. ಎರಡಕ್ಕೂ ಆಕಾಶ ಒಂದೇ. ಕೆಲಸ ಮಾತ್ರ ಬೇರೆ. ಆಕಾಶವಾಣಿಯ ದನಿ ಸಾಧಾರಣ ರೇಡಿಯೋದಲ್ಲಿಯೂ ಗಂಟೆಗಟ್ಟಲೆ ಸ್ಪಷ್ಟವಾಗಿ ಕೇಳಬೇಕು. ಹ್ಯಾಮ್‌ನ ದನಿ ಕಿವಿಗೊಟ್ಟು ಕುಳಿತ ಒಬ್ಬನಿಗೆ ಕೆಲವು ನಿಮಿಷ ಅರ್ಥವಾದರೆ ಸಾಕು.

ಆದರೂ ಹೊಸ ಹವ್ಯಾಸಿಗಳ ಕಣ್ಣು ಮೊದಲು ಬೀಳುವುದು ವಾಟ್‌ಗಳ ಮೇಲೆ. ದೇಶದ ಹವ್ಯಾಸಿ ರೇಡಿಯೋ ಸೇವೆಗೆ 1978ರ ನಿಯಮಾವಳಿ ತಳಹದಿ. 2009ರ ತಿದ್ದುಪಡಿ ಪರವಾನಗಿಗಳನ್ನು ನಿರ್ಬಂಧಿತ ಮತ್ತು ಸಾಮಾನ್ಯ ಎಂಬ ಎರಡು ದರ್ಜೆಗೆ ಇಳಿಸಿತು. ಶಾರ್ಟ್‌ವೇವ್ ತರಂಗಗಳಲ್ಲಿ ಮೊದಲಿನವರಿಗೆ 50 ವಾಟ್, ಎರಡನೆಯವರಿಗೆ 400 ವಾಟ್ ಮಿತಿ ವಿಧಿಸಿತು. ಎಂಟು ಪಟ್ಟು ಅಂತರ! ಕಾಗದದ ಮೇಲೆ ಇದು ಭಾರಿ ತಾರತಮ್ಯವೆಂದೇ ತೋರುತ್ತದೆ.

ಕೇಳುವವನ ಯಂತ್ರದ ಮುಂದೆ ಕುಳಿತರೆ ಲೆಕ್ಕವೇ ಬೇರೆ. ರೇಡಿಯೋದ ಸಂಕೇತಮಾಪಕದ ಮುಳ್ಳು ಒಂದು ಮೆಟ್ಟಿಲು ಏರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. ಹಾಗಾಗಿ 50 ವಾಟ್‌ಗೂ 400 ವಾಟ್‌ಗೂ ನಡುವಿನ ವ್ಯತ್ಯಾಸ ಒಂದೂವರೆ ಮೆಟ್ಟಿಲು ಮಾತ್ರ. 100 ವಾಟ್ ಯಂತ್ರವನ್ನು 5 ವಾಟ್‌ಗೆ ಇಳಿಸಿದರೂ ಕಳೆದುಕೊಳ್ಳುವುದು ಎರಡು ಮೆಟ್ಟಿಲಿಗಿಂತ ತುಸು ಹೆಚ್ಚು.

ಅದೇ ಹಣವನ್ನು ಆಂಟೆನಾಕ್ಕೆ ಹಾಕಿದರೆ ಲಾಭ ದುಪ್ಪಟ್ಟು, ಏಕೆಂದರೆ ಒಳ್ಳೆಯ ಆಂಟೆನಾ ಹೇಳುವುದಕ್ಕೂ ಕೇಳುವುದಕ್ಕೂ ನೆರವಾಗುತ್ತದೆ. ಬೆಂಗಳೂರಿನ ತೊಡಕು ಇರುವುದೂ ಇಲ್ಲಿಯೇ. ರಾಜ್ಯದ ಜಿಲ್ಲೆಗಳೊಡನೆ ಹಗಲಿನಲ್ಲಿ ಮಾತನಾಡಲು ಹೇಳಿಮಾಡಿಸಿದ 7 ಮೆಗಾಹರ್ಟ್ಸ್ ಪಟ್ಟಿಗೆ ಸುಮಾರು 20 ಮೀಟರ್ ಉದ್ದದ ತಂತಿ ಬೇಕು. 40×60 ನಿವೇಶನದಲ್ಲಿ ಅದು ಮೂಲೆಯಿಂದ ಮೂಲೆಗೆ ಹೇಗೋ ಹಿಡಿಸುತ್ತದೆ. 30×40 ನಿವೇಶನದಲ್ಲಿ ತುದಿಗಳನ್ನು ಬಗ್ಗಿಸಬೇಕು. ಫ್ಲ್ಯಾಟ್ ನಿವಾಸಿಗೆ ಸಂಘದ ಅನುಮತಿಯಿಲ್ಲದೆ ತಾರಸಿಯೇ ದಕ್ಕದು. ದಕ್ಕಿದರೂ ಕೆಳಮಹಡಿಯಿಂದ ಮೇಲಕ್ಕೆ 20 ಮೀಟರ್ ತೆಳ್ಳನೆಯ ಆರ್‌ಜಿ-58 ಕೇಬಲ್ ಎಳೆದರೆ, 145 ಮೆಗಾಹರ್ಟ್ಸ್‌ನಲ್ಲಿ ಅರ್ಧಕ್ಕೂ ಹೆಚ್ಚು ಶಕ್ತಿ ದಾರಿಯಲ್ಲೇ ಕರಗುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ನಿಂತವನ ಕೈಯಲ್ಲಿನ 5 ವಾಟ್ ಉಪಕರಣ, ಯಶವಂತಪುರದ ಕೋಣೆಯೊಳಗಿನ 50 ವಾಟ್ ಯಂತ್ರವನ್ನು ನಾಚಿಸುವುದರಲ್ಲಿ ಅಚ್ಚರಿಯಿಲ್ಲ.

ಇದಕ್ಕೆ ನಗರದ ಗದ್ದಲವೂ ಸೇರಿಕೊಂಡಿದೆ. ಕಿವಿಗೆ ಬೀಳುವ ಗದ್ದಲವಲ್ಲ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳು ಉಗುಳುವ ವಿದ್ಯುತ್ಕಾಂತೀಯ ಗದ್ದಲ. ಬಳ್ಳಾರಿಯಿಂದ ಬಂದ ಕ್ಷೀಣ ದನಿ ಇದರಲ್ಲಿ ಮುಳುಗಿಹೋದರೆ, ಇತ್ತಲಿನವನು 400 ವಾಟ್‌ನಲ್ಲಿ ಉತ್ತರಿಸಿ ಪ್ರಯೋಜನವೇನು? ಕೂಗುವ ಶಕ್ತಿ ಹೆಚ್ಚಿತೇ ಹೊರತು ಕಿವಿ ಚುರುಕಾಗಲಿಲ್ಲ.

ಅಲ್ಪ ಶಕ್ತಿಯ ಅತ್ಯುತ್ತಮ ನಿದರ್ಶನ ಇಸ್ರೊದ್ದು. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟು ಕಾರ್ಟೊಸ್ಯಾಟ್-1ರ ಜತೆಗೆ 42.5 ಕೆ.ಜಿ. ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹವನ್ನೂ ಕಕ್ಷೆಗೆ ಸೇರಿಸಿತು. ಹವ್ಯಾಸಿಗಳಿಗಾಗಿಯೇ ರೂಪಿಸಿದ ಅದರ ಪ್ರಸಾರ ಶಕ್ತಿ ಸುಮಾರು 1 ವಾಟ್. ನಡುವೆ ಬೆಟ್ಟವೂ ಇಲ್ಲ, ಕಟ್ಟಡವೂ ಇಲ್ಲ. ಅಷ್ಟೇ ಶಕ್ತಿಯಲ್ಲಿ 2014ರವರೆಗೂ ಅದು ದನಿಗಳನ್ನು ದಾಟಿಸಿತು. ಇಂಥ ಉಪಗ್ರಹಕ್ಕೆ ನೆಲದಿಂದ ಯಾರಾದರೂ ಮಿತಿಮೀರಿದ ಶಕ್ತಿಯಲ್ಲಿ ಕೂಗಿದರೆ, ಆ ಒಂದು ವಾಟ್‌ನ ಸಿಂಹಪಾಲು ಅವನೊಬ್ಬನಿಗೇ ಹೋಗಿ ಉಳಿದವರ ದನಿ ಕುಗ್ಗುತ್ತದೆ. ಹೆಚ್ಚು ವಾಟ್ ಎಂಬುದು ಇಲ್ಲಿ ದುಂದಷ್ಟೇ ಅಲ್ಲ, ಅಸಭ್ಯತೆಯೂ ಹೌದು.

ಹಾಗೆಂದು 400 ವಾಟ್ ನಿರರ್ಥಕವೆನ್ನಲಾಗದು. ಮುಂಗಾರುಪೂರ್ವ ಸಿಡಿಲಿನ ಸದ್ದು ತುಂಬಿದ ರಾತ್ರಿಗಳಲ್ಲಿ ಆ ಒಂದೂವರೆ ಮೆಟ್ಟಿಲೇ ಮಾತನ್ನು ಉಳಿಸೀತು. ಚಂದ್ರನಿಗೆ ಸಂಕೇತ ಬಡಿಸಿ ಮರಳಿ ಪಡೆಯುವ ಪ್ರಯೋಗದಲ್ಲಂತೂ ಪ್ರತಿ ವಾಟ್‌ಗೂ ಬೆಲೆಯಿದೆ. ಆದರೆ 2017ರಲ್ಲಿ ಬಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಕಿವಿಗೆ ಕೇಳಿಸದ ಸಂಕೇತವನ್ನೂ ಗದ್ದಲದಡಿಯಿಂದ ಹೆಕ್ಕಿ ತೆಗೆಯುವುದರಿಂದ ಇಂಥ ಸಂದರ್ಭಗಳೂ ವಿರಳವಾಗುತ್ತಿವೆ.

ಹವ್ಯಾಸಿ ರೇಡಿಯೋವನ್ನು ಸರ್ಕಾರಗಳು ನೆನೆಯುವುದು ಆಪತ್ತಿನಲ್ಲಿ. ಅಲ್ಲಿ ಲೆಕ್ಕ ಮತ್ತೂ ಬದಲಾಗುತ್ತದೆ. 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಯಲಹಂಕದ ಕೇಂದ್ರೀಯ ವಿಹಾರ ಜಲಾವೃತವಾಗಿ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಅಂಥ ಹೊತ್ತಿನಲ್ಲಿ ವಿದ್ಯುತ್ ಕೈಕೊಟ್ಟರೆ ಉಳಿಯುವುದು ಬ್ಯಾಟರಿ ಮಾತ್ರ. 100 ವಾಟ್ ಯಂತ್ರ ಮಾತನಾಡುವಾಗ ಸುಮಾರು 20 ಆಂಪಿಯರ್ ಹೀರುತ್ತದೆ. 5 ವಾಟ್ ಉಪಕರಣಕ್ಕೆ 2 ಆಂಪಿಯರ್ ಸಾಕು. ಒಂದೇ ಬ್ಯಾಟರಿ ಮೊದಲಿನದಕ್ಕೆ ಒಂದು ದಿನ ಬಂದರೆ ಎರಡನೆಯದಕ್ಕೆ ಹಲವು ದಿನ ಬರಬಲ್ಲದು. ಆದರೆ ತಾರಸಿಯ ಮೇಲೆ ತಂತಿ ನೀರು ನುಗ್ಗುವ ಮೊದಲೇ ಇರಬೇಕು. ಅದಕ್ಕೆ ಒಪ್ಪಿಗೆ ಕೊಡಬೇಕಾದವರು ದೂರಸಂಪರ್ಕ ಇಲಾಖೆಯವರಲ್ಲ, ವಸತಿ ಸಮುಚ್ಚಯಗಳ ಸಂಘದವರು.