ಅರ್ಧ ಪರದೆ ಆಧಾರ್‌ಗೆ, ಅರ್ಧ ಅರ್ಜಿಗೆ

ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಏನಾಗುತ್ತದೆ ಅಂತ ಹರಿಹರ ತಾಲ್ಲೂಕಿನ ರೈತರಿಗೆ ನಾವು ಹೇಳಿಕೊಡಬೇಕಿಲ್ಲ. ಪಹಣಿಯಲ್ಲಿ ಬಸವರಾಜಪ್ಪ, ಆಧಾರ್‌ನಲ್ಲಿ ಬಸವರಾಜ, ಅರ್ಜಿಯಲ್ಲಿ ಬಸವರಾಜು. ಅರ್ಜಿ ವಾಪಸ್ ಬರುತ್ತದೆ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಪಹಣಿಗೂ ಆಧಾರ್‌ಗೂ ತಾಳೆಯಾಗದಿರುವುದು ಹಳೇ ರೋಗ, ಅದಕ್ಕೆ ಕಚೇರಿಗೇ ಅಲೆಯಬೇಕು. ಆದರೆ ಮೂರನೇ ತಪ್ಪು ಟೈಪ್ ಮಾಡುವಾಗ ಆಗಿದ್ದು. ಅದನ್ನು ಕೀಬೋರ್ಡಿನಲ್ಲೇ ತಡೆಯಬಹುದು.

ವರದಿಗೆ ಅಂತ ಓಡಾಡುವಾಗ ದಾವಣಗೆರೆ, ಹರಿಹರದ ಸೈಬರ್ ಸೆಂಟರ್‌ಗಳಲ್ಲಿ ನಾವು ಕೂತು ನೋಡಿದ್ದೇವೆ. ಹುಡುಗರು ಆಧಾರ್ ಸ್ಕ್ಯಾನ್ ತೆಗೆದು ನೋಡುತ್ತಾರೆ, ಅದನ್ನು ಕೆಳಗಿಳಿಸಿ ಅರ್ಜಿ ತೆರೆಯುತ್ತಾರೆ, ನೆನಪಿನಿಂದ ನಾಲ್ಕು ಅಂಕಿ ಹೊಡೆಯುತ್ತಾರೆ, ಮತ್ತೆ ಆಧಾರ್, ಮತ್ತೆ ಅರ್ಜಿ. ಹಿಂದೆ ಇಪ್ಪತ್ತು ಜನ ನಿಂತಿರುವಾಗ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿನಲ್ಲಿ ಸೊನ್ನೆ ಯಾವುದು, ‘ಓ’ ಯಾವುದು ಅಂತ ತಲೆಯಲ್ಲಿ ಇಟ್ಟುಕೊಳ್ಳಲು ಯಾರಿಂದಾದೀತು? (ಐದನೆಯದು ಯಾವತ್ತೂ ಸೊನ್ನೆಯೇ, ನೆನಪಿರಲಿ.)

ಇದಕ್ಕೆ ಹೊಸ ಕಂಪ್ಯೂಟರ್ ಬೇಡ. ಆಧಾರ್ ಇರುವ ಕಿಟಕಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ, ವಿಂಡೋಸ್ ಕೀ ಹಿಡಿದು ಎಡಬಾಣ ಒತ್ತಿದರೆ ಅದು ಎಡ ಅರ್ಧಕ್ಕೆ ಹೋಗಿ ಕೂರುತ್ತದೆ. ಅರ್ಜಿಯ ಕಿಟಕಿಗೆ ಹಾಗೆಯೇ ಬಲಬಾಣ. ಇದು 2009ರ ವಿಂಡೋಸ್ 7ರಿಂದಲೇ ಇದೆ. 2015ರ ವಿಂಡೋಸ್ 10ರಲ್ಲಿ ಎಡಬಾಣದ ನಂತರ ಮೇಲ್ಬಾಣವನ್ನೂ ಒತ್ತಿದರೆ ಕಿಟಕಿ ಕಾಲುಭಾಗಕ್ಕೆ ಸೇರುತ್ತದೆ. ಆಧಾರ್, ಪಹಣಿ, ಪಾಸ್‌ಬುಕ್, ಅರ್ಜಿ ನಾಲ್ಕನ್ನೂ ಹರಡಬಹುದು, ಆದರೆ ಸಣ್ಣ ಮಾನಿಟರ್‌ನಲ್ಲಿ ಅದು ಕಣ್ಣಿಗೆ ಶಿಕ್ಷೆ. ಎರಡೇ ಸಾಕು. ಅರ್ಧಕ್ಕಿಳಿದ ಅರ್ಜಿಯ ಬಲ ತುದಿ ಮರೆಯಾದರೆ ಕಂಟ್ರೋಲ್ ಹಿಡಿದು ಮೈನಸ್ ಒತ್ತಿ, ಅಕ್ಷರ ಚಿಕ್ಕದಾಗಿ ಪುಟ ಹಿಡಿಸುತ್ತದೆ.

ಹರಿಹರದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹರಿಹರೇಶ್ವರ ಗುಡಿಯಲ್ಲಿ ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಒಬ್ಬರನ್ನು ಮುಚ್ಚಿ ಇನ್ನೊಬ್ಬರನ್ನು ನೋಡುವ ಪ್ರಮೇಯವೇ ಇಲ್ಲ.

ಹುಡುಗರನ್ನು ಬೈಯುವುದರಲ್ಲಿ ಅರ್ಥವಿಲ್ಲ. ನಾವು ಮಾತಾಡಿಸಿದವರಲ್ಲಿ ಹೆಚ್ಚಿನವರು ಟ್ಯಾಲಿ ಕಲಿತಿದ್ದಾರೆ, ನುಡಿಯಲ್ಲಿ ಸರಸರ ಹೊಡೆಯುತ್ತಾರೆ. ಇದನ್ನು ಮಾತ್ರ ಯಾರೂ ತೋರಿಸಿರಲಿಲ್ಲ. ಕಂಪ್ಯೂಟರ್ ಕ್ಲಾಸ್ ನಡೆಸುವವರು ಮೊದಲ ವಾರದಲ್ಲೇ ಇದನ್ನು ಕಲಿಸಲಿ, ಹತ್ತು ನಿಮಿಷದ ಪಾಠ. 2020ರಲ್ಲಿ ಗ್ರಾಮ ಒನ್ ಪ್ರಾಯೋಗಿಕವಾಗಿ ಶುರುವಾದದ್ದು ನಮ್ಮ ಜಿಲ್ಲೆಯಲ್ಲೇ. ಸೇವೆ ಊರಬಾಗಿಲಿಗೆ ಬರುವುದನ್ನು ಮೊದಲು ಕಂಡವರು ನಾವು, ಈ ಸಣ್ಣ ರೂಢಿಯನ್ನೂ ಇಲ್ಲಿಂದಲೇ ಶುರು ಮಾಡಬಹುದು.

ಕೌಂಟರ್ ಈಚೆ ನಿಂತವರಿಗೂ ಇದರಲ್ಲಿ ಪಾಲಿದೆ ಅನ್ನುವುದು ನಮ್ಮ ವಾದ. ದುಡ್ಡು ಕೊಡುವವರು ನಾವು, ಮಾನಿಟರ್ ಮಾತ್ರ ಅವರ ಕಡೆಗೆ. ಅರ್ಜಿ ಕಳಿಸುವ ಮುಂಚೆ ಎರಡು ಕಿಟಕಿಯನ್ನೂ ಅಕ್ಕಪಕ್ಕ ಇಟ್ಟು, ಪರದೆಯನ್ನು ಅರ್ಜಿದಾರರ ಕಡೆ ಒಂದು ನಿಮಿಷ ತಿರುಗಿಸಬೇಕು. ಓದಲು ಬಾರದವರ ಜೊತೆ ಮಗಳೋ ಮೊಮ್ಮಗನೋ ಬಂದಿರುತ್ತಾರೆ, ಅವರು ಓದುತ್ತಾರೆ. ಸಾಲಿನಲ್ಲಿರುವ ಬೇರೆಯವರಿಗೆ ಆಧಾರ್ ನಂಬರ್ ಕಾಣಬಾರದು ಅನ್ನುವುದು ಸರಿಯೇ, ಅವರನ್ನು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ. ಕೆಲಸ ಮುಗಿದ ಕೂಡಲೇ ಆ ಕಿಟಕಿ ಮುಚ್ಚಿ.

ಮುಂದಿನ ಸಲ ಹೋದಾಗ ಕೇಳಿ ನೋಡಿ: “ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಪ್ಪಾ, ಹೆಸರು ಒಂದ್ಸಲ ಓದ್ತೀನಿ.” ಹೇಗೆ ಅಂತ ಅವನು ತಡವರಿಸಿದರೆ ಈ ಬರಹವನ್ನೇ ಫೋನಿನಲ್ಲಿ ತೆಗೆದು ಕೊಡಿ.