ಪಾಸ್‌ವರ್ಡ್ ಸೇವ್ ಮಾಡಿ, ಆದ್ರೆ ಯಾರ ಅಟ್ಟದಲ್ಲಿ?

1/4
"ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಸೇವ್ ಮಾಡ್ಲೇಬೇಡಿ" ಅಂತ ಎಲ್ರೂ ಬುದ್ಧಿ ಹೇಳ್ತಾರೆ. ನಾನು ಒಪ್ಪಲ್ಲ. ಸೇವ್ ಮಾಡದವರು ಏನ್ಮಾಡ್ತಾರೆ? ಎಲ್ಲಾ ಕಡೆ ಒಂದೇ ಪಾಸ್‌ವರ್ಡ್, ತಮ್ಮ ಹೆಸರು, ಕೊನೆಗೆ 123. ಒಂದು ಕಡೆ ಸೋರಿದ್ರೆ ಇನ್‌ಸ್ಟಾ, ಜಿಮೇಲ್, ಸ್ಕಾಲರ್‌ಶಿಪ್ ಎಲ್ಲಾ ಹೋಯ್ತು.

2/4
ಸೇವ್ ಮಾಡೋದು ತಪ್ಪಲ್ಲ, ಜಾಗ ತಪ್ಪು. ತಿಪಟೂರಾಗ್ಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಆಗ್ಲಿ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಸಿಇಟಿ ಅರ್ಜಿ ಅಂದ್ರೆ ಓಡೋದು ಸೈಬರ್ ಸೆಂಟರ್‌ಗೇ. ಅಲ್ಲಿ ಬ್ರೌಸರ್ "ಸೇವ್ ಮಾಡ್ಲಾ?" ಅಂತ ಕೇಳೋದೇ ತಡ, ಒತ್ತಿಬಿಡ್ತೀರ! ಸೆಂಟರ್ ಅಣ್ಣ ಒಳ್ಳೆಯವರೇ ಇರಬಹುದು. ನಿಮ್ಮ ನಂತರ ಆ ಕುರ್ಚೀಲಿ ಕೂರೋರು? ಲಾಗಿನ್ ಪೇಜ್ ತೆರೆದ್ರೆ ನಿಮ್ಮ ಐಡಿ, ಪಾಸ್‌ವರ್ಡ್ ತಾನೇ ತುಂಬ್ಕೊಳ್ಳುತ್ತೆ. ಸಿಇಟಿ ಆಪ್ಷನ್ ಎಂಟ್ರಿ ಯಾರೋ ತಿದ್ದಿದ್ರೆ ಸೀಟು ಎಲ್ಲಿ ಸಿಗುತ್ತೋ!

3/4
ಉಂಡೆ ಕೊಬ್ಬರಿಗೆ ಅಂತ ಕಾಯಿನ ತಿಂಗಳುಗಟ್ಟಲೆ ಅಟ್ಟದಲ್ಲಿ ಇಡೋ ಊರು ನಮ್ಮದು. ಯಾರದ್ದೋ ಅಟ್ಟಕ್ಕೆ ಹಾಕಿ, ಬೀಗದ ಕೈನೂ ಅಲ್ಲೇ ಬಿಟ್ಟು ಬರ್ತೀವಾ? ಎಪಿಎಂಸಿ ತಕ್ಕಡಿ ಮುಂದೆ ಒಂದು ಗ್ರಾಂ ಬಿಡದವರ ಮಕ್ಕಳು ಕಣ್ರೋ ನೀವು!

4/4
ಹಂಗಾದ್ರೆ ಏನ್ಮಾಡ್ಬೇಕು?
• ಸೈಬರ್‌ನಲ್ಲಿ ಇನ್‌ಕಾಗ್ನಿಟೋ ತೆಗೆಸಿ. ಸೇವ್ ಕೇಳಿದ್ರೆ "ನೆವರ್".
• ಕ್ರೋಮ್‌ಗೆ ನಿಮ್ಮ ಗೂಗಲ್ ಅಕೌಂಟ್ ಹಾಕ್ಬೇಡಿ.
• ಎದ್ದೇಳೋ ಮುಂಚೆ ಲಾಗ್ಔಟ್ ಮಾಡಿ, ವಿಂಡೋ ಮುಚ್ಚಿ.
• ಸೇವ್ ಮಾಡೋದು ಸ್ಕ್ರೀನ್ ಲಾಕ್ ಇರೋ ನಿಮ್ಮದೇ ಫೋನಲ್ಲಿ. ಒಂದೊಂದು ಕಡೆ ಒಂದೊಂದು ಪಾಸ್‌ವರ್ಡ್.
• ಈಗಾಗ್ಲೇ ಅಲ್ಲಿ ಸೇವ್ ಆಗಿದ್ಯಾ? ಅಳಿಸಿದ್ರೆ ಸಾಲದು, ಇವತ್ತೇ ಪಾಸ್‌ವರ್ಡ್ ಬದಲಾಯಿಸಿ.

ನಾಳೆ ಸೈಬರ್‌ಗೆ ಹೋಗೋ ಫ್ರೆಂಡ್‌ನ ಟ್ಯಾಗ್ ಮಾಡಿ 🥥

#ತಿಪಟೂರು #ಕಲ್ಪತರುನಾಡು #ಪಾಸ್‌ವರ್ಡ್