ಅತ್ತೆಯ ಹೆಸರಲ್ಲೂ ಒಂದು ಕಾರ್ಡ್ ಇರಲಿ

ಗ್ಯಾಸ್ ಪುಸ್ತಕ ಎಲ್ಲಿದೆ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲಿದೆ, ಕರೆಂಟ್ ಬಿಲ್ ಕಟ್ಟಲು ಕೊನೇ ದಿನ ಯಾವುದು, ಎಲ್ಲವೂ ನಿಮಗೆ ಬಾಯಿಪಾಠ. ಆದರೆ ಮಧ್ಯರಾತ್ರಿ ಅತ್ತೆಗೆ ಎದೆನೋವು ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕು, ದುಡ್ಡು ಎಲ್ಲಿಂದ ಬರುತ್ತದೆ ಎಂದು ಗೊತ್ತೇ? ‘ಅದೆಲ್ಲ ನಮ್ಮ ಯಜಮಾನ್ರು ನೋಡ್ಕೋತಾರೆ’ ಎನ್ನುತ್ತೀರಾ? ಹಾಗಾದರೆ ಇದನ್ನು ನೀವೇ ಓದಬೇಕು.

ನಮ್ಮ ಪಕ್ಕದ ರಸ್ತೆಯಲ್ಲಿ ನಡೆದದ್ದು. ಗೃಹಿಣಿಯೊಬ್ಬರ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮಗ ಅಪ್ಪನ ಕಾರ್ಡ್ ಎಂದೋ ಮಾಡಿಸಿದ್ದ. ‘ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ಆಮೇಲೆ ನೋಡೋಣ’ ಎಂದು ತಾಯಿಯದ್ದನ್ನು ಬಿಟ್ಟಿದ್ದ. ಈಗ ಓಡಾಡಿದರೆ, ಎಪ್ಪತ್ತೆರಡು ದಾಟಿದ ಆಕೆಗೆ ಆಧಾರ್‌ನಲ್ಲಿ ಅರವತ್ತಾರು! ಅರ್ಜಿ ಹಾಕಲೂ ಆಗಲಿಲ್ಲ. ಆಪರೇಷನ್‌ಗೆ ಅಡವಿಗೆ ಹೋದದ್ದು ಸೊಸೆಯ ಬಳೆಗಳು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ ಅಲ್ಲವೇ?

ಎಪ್ಪತ್ತು ದಾಟಿದವರಿಗೆ

ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್ 29ರಂದು ಶುರುವಾಯಿತು. 70 ವರ್ಷ ತುಂಬಿದವರು ಬಡವರಿರಲಿ, ಬಂಗಲೆಯಲ್ಲಿರಲಿ, ಇದಕ್ಕೆ ಅರ್ಹರು. ಆದಾಯ ಪ್ರಮಾಣಪತ್ರ ಬೇಡ, ಪ್ರೀಮಿಯಂ ಇಲ್ಲ. ಮೊದಲಿನಿಂದ ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೂ ಕಾಯುವ ಅವಧಿ ಇಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ದಾಖಲಾದರೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಖಾಸಗಿ ವಿಮೆ ಇದ್ದವರಿಗೂ ಇದು ಸಿಗುತ್ತದೆ.

ಎರಡು ವಿಷಯ ನೆನಪಿರಲಿ. ಒಂದು, ಈ 5 ಲಕ್ಷ ತಲೆಗೆ ಅಲ್ಲ, ಕುಟುಂಬಕ್ಕೆ. ಅತ್ತೆ, ಮಾವ ಇಬ್ಬರೂ ಎಪ್ಪತ್ತು ದಾಟಿದ್ದರೆ ಇಬ್ಬರಿಗೂ ಸೇರಿ ಅಷ್ಟೇ. ಎರಡು, ಮನೆಯಲ್ಲಿ ಕೇಂದ್ರ ಸರ್ಕಾರದ ಪಿಂಚಣಿದಾರರಿದ್ದು ಸಿ.ಜಿ.ಎಚ್.ಎಸ್. ಸೌಲಭ್ಯವಿದ್ದರೆ, ಎರಡರಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಬೇಕು. ಸಿ.ಜಿ.ಎಚ್.ಎಸ್.ನಲ್ಲಿ ಹೊರರೋಗಿ ಚಿಕಿತ್ಸೆ, ಮಾತ್ರೆಗಳೂ ಸಿಗುತ್ತವೆ. ಆತುರಪಟ್ಟು ಅದನ್ನು ಬಿಡಬೇಡಿ.

ಇನ್ನೂ ಎಪ್ಪತ್ತಾಗದಿದ್ದರೆ?

ನಮ್ಮ ರಾಜ್ಯದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ‘ನಮ್ಮದು ಎ.ಪಿ.ಎಲ್., ನಮಗೇನೂ ಇಲ್ಲ’ ಎಂದು ಬಹಳಷ್ಟು ಮಂದಿ ಕೈಬಿಡುತ್ತಾರೆ. ಹಾಗಲ್ಲ. ಯೋಜನೆಯ ಪ್ಯಾಕೇಜ್ ದರದ ಶೇ 30ರಷ್ಟನ್ನು, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, ಸರ್ಕಾರ ಭರಿಸುತ್ತದೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ಚೀಟಿ ಬರೆದುಕೊಟ್ಟರೆ ಖಾಸಗಿ ಆಸ್ಪತ್ರೆಗೆ. ತುರ್ತು ಪರಿಸ್ಥಿತಿಗೆ ಮಾತ್ರ ಈ ನಿಯಮ ಇಲ್ಲ. ಪರಿಚಯದ ನರ್ಸಿಂಗ್ ಹೋಮ್ ಎಂದು ನೇರವಾಗಿ ಹೋಗಿ ಸೇರಿಸಿ, ಆಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಿಲ್ಲ.

ಕಾರ್ಡ್ ಬಂತೆಂದು ಮರೆಯಬೇಡಿ

ವಯ ವಂದನಾ ಕಾರ್ಡ್ ಹಿಡಿದು ಹೋದ ಹಿರಿಯರು ನಮ್ಮ ರಾಜ್ಯದಲ್ಲಿ ಬರಿಗೈಲಿ ವಾಪಸಾದದ್ದು ಸುದ್ದಿಯಾಗಿತ್ತು. ಖರ್ಚು ಹಂಚಿಕೊಳ್ಳುವ ವಿಷಯದಲ್ಲಿ ಕೇಂದ್ರ, ರಾಜ್ಯಗಳ ನಡುವೆ ಎಳೆದಾಟ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ಇಲ್ಲಿ ಬಡವಾದದ್ದು ವಯಸ್ಸಾದ ಜೀವಗಳು. ಇದು ಸರಿಯಲ್ಲ, ಕಾರ್ಡ್ ಕೊಟ್ಟ ಮೇಲೆ ಬಾಗಿಲೂ ತೆರೆದಿರಬೇಕು. ಅದಕ್ಕೇ ಹೇಳುತ್ತಿರುವುದು, ಕಾಯಿಲೆ ಬರುವ ಮುಂಚೆಯೇ ಮನೆಗೆ ಹತ್ತಿರದ ಎರಡು ಆಸ್ಪತ್ರೆಗೆ ಹೋಗಿ ‘ಆರೋಗ್ಯ ಮಿತ್ರ’ರನ್ನು ಕಾಣಿ. ‘ಈ ಕಾರ್ಡ್ ಇಲ್ಲಿ ನಡೆಯುತ್ತಾ? ಹೃದಯಕ್ಕೆ, ಮೂಳೆಗೆ ಎರಡಕ್ಕೂ ನಡೆಯುತ್ತಾ?’ ಎಂದು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ. 14555ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು.

ದಿನದ ಬಿ.ಪಿ., ಶುಗರ್ ಮಾತ್ರೆಗೆ ಈ ಕಾರ್ಡ್ ಬರುವುದಿಲ್ಲ. ಅದಕ್ಕೆ ಜನೌಷಧಿ ಕೇಂದ್ರವೇ ದಾರಿ. ಖಾಸಗಿ ವಿಮೆಯನ್ನೂ ಸೇರಿಸಿಕೊಳ್ಳುವ ಶಕ್ತಿ ಇದ್ದವರಿಗೆ ಒಂದು ಸಮಾಧಾನ: 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ಮಿತಿಯನ್ನು 2024ರಲ್ಲಿ ತೆಗೆಯಲಾಗಿದೆ. ಹಳೆಯ ಕಾಯಿಲೆಗಳಿಗೆ ಮಾತ್ರ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ಈ ಭಾನುವಾರದ ಕೆಲಸ

ಮಧ್ಯಾಹ್ನ ಊಟವಾದ ಮೇಲೆ ಹಿರಿಯರ ಆಧಾರ್ ಕಾರ್ಡ್ ತೆಗೆದು ನೋಡಿ. ಹುಟ್ಟಿದ ದಿನ ಅಂದಾಜಿಗೆ ‘ಜನವರಿ 1’ ಎಂದು ಬರೆಸಿದ್ದೇ? ವರ್ಷ ಸರಿ ಇದೆಯೇ? ವಯ ವಂದನಾ ಕಾರ್ಡಿಗೆ ಆಧಾರ್‌ನ ವಯಸ್ಸೇ ಲೆಕ್ಕ. ತಪ್ಪಿದ್ದರೆ ದಾಖಲೆ ತೋರಿಸಿ ಈಗಲೇ ತಿದ್ದಿಸಿ. ಫೋನ್ ನಂಬರ್ ಚಾಲ್ತಿಯಲ್ಲಿದೆಯೇ ನೋಡಿ, ಓ.ಟಿ.ಪಿ. ಬರುವುದು ಅದಕ್ಕೇ. ನಂತರ ಆಯುಷ್ಮಾನ್ ಆ್ಯಪ್‌ನಲ್ಲಿ ಅರ್ಜಿ ಹಾಕಿ. ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಅರ್ಧ ಗಂಟೆಯ ಕೆಲಸ.

ಮಾಡಿಸುವಾಗ ಮಾವನವರದ್ದೊಂದೇ ಮಾಡಿಸಿ ಸುಮ್ಮನಾಗಬೇಡಿ. ‘ನನಗೇನಮ್ಮ, ಇನ್ನೆಷ್ಟು ದಿನ’ ಎಂದು ಅತ್ತೆ ಹೇಳುತ್ತಾರೆ. ಜೀವನವಿಡೀ ತನ್ನ ಸರದಿಯನ್ನು ಕೊನೆಗೆ ಇಟ್ಟುಕೊಂಡವರ ಮಾತದು, ಕೇಳಬೇಡಿ. ಹಾಗೆಯೇ ತವರಿಗೂ ಒಂದು ಫೋನ್ ಮಾಡಿ, ‘ಅಮ್ಮಾ, ನಿನ್ನ ಆಧಾರ್ ತೆಗಿ ನೋಡೋಣ’ ಅನ್ನಿ. ಹೆಣ್ಣುಮಕ್ಕಳು ಕೇಳದಿದ್ದರೆ ಅಮ್ಮಂದಿರು ತಾವಾಗಿ ಹೇಳುವುದಿಲ್ಲ.